ಬಶೀರುನ್ನೀಸಾ ಮನೆಯಲ್ಲಿ ಮೀನಿಲ್ಲದ ವಾರ

ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವರು ಬಶೀರುನ್ನೀಸಾ ಮನೆ ಎಲ್ಲಿ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಮೂಗಿದ್ದರೆ ಸಾಕು. ಗಾಳಿ ಜೋರಾಗಿ ಬೀಸುವ ದಿನ ಆಕೆಯ ಒಣಮೀನಿನ ವಾಸನೆ ಕೋಲಾರದ ತನಕ ಹೋಗಿ, ಅಲ್ಲಿ ಒಂದು ಕಾಫಿ ಕುಡಿದು, ಸಾಯಂಕಾಲದ ಬಸ್ಸಿಗೆ ವಾಪಸ್ಸು ಬರುತ್ತದೆ. ನಮ್ಮದು ಆಕೆಯ ಮನೆಯ ಸಾಲಿನಲ್ಲೇ ಇರುವ ಮನೆ. ನಾವು ಬರೀ ತಿಳಿಸಾರು ಅನ್ನ ಉಂಡರೂ ಮೀನೂಟ ಮಾಡಿದ ತೃಪ್ತಿಯಲ್ಲೇ ಕೈ ತೊಳೆಯುತ್ತೇವೆ. ನನ್ನ ಹೆಂಡತಿ ಪಿಳ್ಳಮ್ಮ ಇದನ್ನು ಒಂದು ಅನುಕೂಲ ಅಂತಲೇ ಲೆಕ್ಕ ಹಾಕಿಕೊಂಡಿದ್ದಾಳೆ.

ಬಶೀರುನ್ನೀಸಾಗೆ ಅರವತ್ತು ದಾಟಿದೆ. ಆಳು ಐದಡಿಯೂ ಇಲ್ಲ, ಗಂಟಲು ಮಾತ್ರ ಹತ್ತಡಿ. ಅವರಪ್ಪ ಒಣಮೀನು ಮಾರುತ್ತಿದ್ದ ಜಾಗದಲ್ಲೇ, ಮಾರ್ಕೆಟ್ಟಿನ ಮೂಲೆಯಲ್ಲಿ ಒಂದು ನೀಲಿ ಟಾರ್ಪಾಲಿನ ಕೆಳಗೆ, ಈಗ ಆಕೆ ಕೂರುತ್ತಾಳೆ. ಮುಂದೆ ಗೋಣಿಯ ಮೇಲೆ ಸೀಗಡಿ, ನೆತ್ತಿಲಿ, ಉಪ್ಪು ಮೀನಿನ ಸಣ್ಣ ಸಣ್ಣ ಗುಡ್ಡಗಳು. ಗಿರಾಕಿ ಏನು ಕೇಳುತ್ತಾನೆ ಅನ್ನೋದು ಅಲ್ಲಿ ಮುಖ್ಯ ಅಲ್ಲ. ಅವನಿಗೆ ಏನು ಕೊಡಬೇಕು ಅನ್ನೋದನ್ನು ಆಕೆ ಮೊದಲೇ ತೀರ್ಮಾನಿಸಿರುತ್ತಾಳೆ.

"ಉಪ್ಪು ಮೀನು ಕೊಡಮ್ಮಾ" ಅಂತ ಒಬ್ಬ ಕೈಚೀಲ ಚಾಚಿದರೆ, "ನಕ್ಕೋ, ಬೇಡ! ಹೋದ ಸಂತೇಲಿ ನಿನ್ ಹೆಂಡ್ತಿಗೆ ಬಿಪಿ ಅಂದಿದ್ದು ಯಾರು? ನಾನಾ? ಸೀಗಡಿ ತಗೊಂಡೋಗು. ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಬದನೆಕಾಯಿ ಜೊತೆ ಹಾಕು. ನೀನೇ ತೊಳಿ, ಅವಳ ಕೈಲಿ ತೊಳಿಸ್ಬೇಡ" ಅನ್ನುತ್ತಾಳೆ. ಗಿರಾಕಿ ಮರುಮಾತಿಲ್ಲದೆ ಸೀಗಡಿ ತೆಗೆದುಕೊಂಡು ಹೋಗುತ್ತಾನೆ. ಹೊಸಕೋಟೆಯಲ್ಲಿ ಎಷ್ಟೋ ಜನ ಇವತ್ತು ಬದುಕಿರೋದು ಈಕೆ ಅವರು ಕೇಳಿದ್ದನ್ನು ಕೊಡದೇ ಇದ್ದದ್ದರಿಂದ.

ಆಕೆಯ ಗಂಡ ಮುನಾವರ್ ಪಾಷಾ ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸಿ ರಿಪೇರಿ ಮಾಡುತ್ತಾರೆ. ಬಹಳ ಮೆತ್ತಗಿನ ಮನುಷ್ಯ. ಮನೆಗೆ ಬೇಕಾದ ಮಾತನ್ನೆಲ್ಲ ಹೆಂಡತಿ ಆಡಿಬಿಡುವುದರಿಂದ, ಮದುವೆಯಲ್ಲಿ ಒಪ್ಪಿಗೆ ಹೇಳಿದ ಮೇಲೆ ಅವರು ಇನ್ನೊಂದು ಪೂರ್ತಿ ವಾಕ್ಯ ಆಡಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿಲ್ಲ.

ಇನ್ನು ಸೊಣ್ಣಮ್ಮ. ಈಕೆ ಅನುಗೊಂಡನಹಳ್ಳಿ ಪಕ್ಕದ ರೇಷ್ಮೆ ಬೆಳೆಗಾರ್ತಿ, ಬಶೀರುನ್ನೀಸಾಳ ಪ್ರಾಣದ ಗೆಳತಿ. ಈ ಗೆಳೆತನ ಹೇಗೆ ಉಳಿದುಕೊಂಡಿದೆ ಅನ್ನೋದೇ ಒಂದು ಸೋಜಿಗ. ಯಾಕೆಂದರೆ ರೇಷ್ಮೆ ಹುಳಕ್ಕೂ ಒಣಮೀನಿಗೂ ಆಗಿಬರುವುದಿಲ್ಲ. ರೇಷ್ಮೆ ಹುಳು ಅಂದರೆ ಏನು ಸಾಮಾನ್ಯವೇ? ಅದರ ಮುಂದೆ ಹೊಸ ಅಳಿಯ ಏನೇನೂ ಅಲ್ಲ. ಬಿಸಿಲಾಗಬಾರದು, ಶೀತ ಆಗಬಾರದು, ಇರುವೆ ಹತ್ತಿರ ಸುಳಿಯಬಾರದು, ಬೀಡಿ ಸೇದಿದವನು ಬಾಗಿಲ ಹತ್ತಿರ ನಿಂತು ಕೆಮ್ಮಬಾರದು. ಸೊಪ್ಪು ಒಂಚೂರು ಬಾಡಿದ್ದರೆ ಮುಖ ತಿರುಗಿಸುತ್ತದೆ. ಹುಳು ಇರುವಷ್ಟು ದಿನ ಸೊಣ್ಣಮ್ಮನ ಮನೆಯಲ್ಲಿ ಮೀನು ಬೇಯಿಸುವುದಿಲ್ಲ, ಒಗ್ಗರಣೆಯನ್ನೂ ಹಿತ್ತಲಲ್ಲಿ ಹಾಕಿ ತರುತ್ತಾರೆ. ಅಂಥ ಮನೆಗೆ, ಮೈಯೆಲ್ಲ ಬಂಗಾಳ ಕೊಲ್ಲಿಯನ್ನೇ ಪೂಸಿಕೊಂಡ ಬಶೀರುನ್ನೀಸಾ ಹೋಗುವುದುಂಟೆ?

ಹೋಗುತ್ತಿದ್ದಳು. ಆದರೆ ರಸ್ತೆಯ ಬದುವಿನ ತನಕ ಮಾತ್ರ. ಅಲ್ಲಿ ನಿಂತು ಕೂಗುತ್ತಿದ್ದಳು. ಸೊಣ್ಣಮ್ಮ ಹುಳು ಮನೆಯ ಹೊಸ್ತಿಲಲ್ಲಿ ನಿಂತು ಕೂಗಿ ಉತ್ತರ ಕೊಡುತ್ತಿದ್ದಳು. ನಡುವೆ ಒಂದು ಹಿಪ್ಪುನೇರಳೆ ತೋಟ. ಹೀಗಾಗಿ ಆ ಇಬ್ಬರು ಹೆಂಗಸರು ಇಷ್ಟು ವರ್ಷ ಒಬ್ಬರಿಗೊಬ್ಬರು ಹೇಳಿಕೊಂಡ ಗುಟ್ಟೆಲ್ಲ ಇಡೀ ಅನುಗೊಂಡನಹಳ್ಳಿ ಹೋಬಳಿಗೆ ಬಾಯಿಪಾಠ.

ಈಗ ನಡೆದದ್ದನ್ನು ಹೇಳುತ್ತೇನೆ.

ಹೋದ ವರ್ಷದ ಚಳಿಗಾಲದಲ್ಲಿ ಸೊಣ್ಣಮ್ಮನ ತೋಟಕ್ಕೆ ಬೂದಿ ರೋಗ ಬಿತ್ತು. ಹಿಪ್ಪುನೇರಳೆ ಎಲೆಯ ಕೆಳಗೆ ಯಾರೋ ವಿಭೂತಿ ಒರೆಸಿದ ಹಾಗೆ ಬಿಳಿ ಪುಡಿ ಕೂರುತ್ತದೆ. ಆಮೇಲೆ ಎಲೆ ಹಳದಿಯಾಗಿ ಒರಟಾಗುತ್ತದೆ. ಅದನ್ನು ತಿಂದ ಹುಳು ಸೊರಗುತ್ತದೆ, ಕಟ್ಟಿದ ಗೂಡು ಸಿಪ್ಪೆಯ ಹಾಗಿರುತ್ತದೆ. ಟೊಮ್ಯಾಟೋಗೆ ಬಂದಿದ್ದರೆ ಯಾವುದಾದರೂ ಔಷಧ ಹೊಡೆದು ಕೈ ತೊಳೆದುಕೊಳ್ಳಬಹುದು. ಇಲ್ಲಿ ಹಾಗಲ್ಲ, ಇವತ್ತು ಎಲೆಗೆ ಹೊಡೆದದ್ದು ನಾಳೆ ಹುಳದ ಹೊಟ್ಟೆಗೆ. ಔಷಧ ಹೊಡೆದರೆ ವಾರಗಟ್ಟಲೆ ಸೊಪ್ಪು ಮುಟ್ಟುವ ಹಾಗಿಲ್ಲ, ಅಷ್ಟು ಹೊತ್ತಿಗೆ ಸೊಪ್ಪು ಮುದಿಯಾಗಿರುತ್ತದೆ. ಆ ಸಲ ಬೆಳೆ ಕೈಬಿಟ್ಟಿತು. ಈ ಚಳಿಗಾಲ ಮತ್ತೆ, ತೋಟದ ಮೇಲಿನ ತುಂಡಿನಲ್ಲಿ, ಮುಂದಿನ ಬೆಳೆಗೆ ಅಂತ ಬಿಟ್ಟಿದ್ದ ಗಿಡಗಳಲ್ಲಿ, ಅದೇ ಬಿಳಿ ಪುಡಿ ಅಲ್ಲೊಂದು ಇಲ್ಲೊಂದು ಕಾಣಿಸಿತು.

ಸೊಣ್ಣಮ್ಮನ ಗಂಡ ಬೈರಪ್ಪ ಒಂದು ಎಲೆ ಕಿತ್ತು, ತಿರುಗಿಸಿ ನೋಡಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಸಾಕು ಕಣೇ. ಮೇಲಿನ ತುಂಡು ಈ ಸಲವೂ ಕೈಕೊಟ್ರೆ ಬುಡಸಮೇತ ಕೀಳಿಸಿ, ಆ ಗೋಡೌನಿನವರಿಗೆ ಹೂಂ ಅಂದ್ಬಿಡ್ತೀನಿ. ಮೇಲಿಂದು ಕೆಳಗಿಂದು ಎರಡೂ."

ಹೊಸಕೋಟೆ ಸುತ್ತ ಈಗ ರಾಗಿ ಬಿತ್ತಿದರೂ ಗೋಡೌನು ಮೊಳೆಯುವ ಕಾಲ. ಸೊಣ್ಣಮ್ಮನ ತೋಟದ ಮೂರು ಕಡೆ ಆಗಲೇ ತಗಡಿನ ಗೋಡೆ ಎದ್ದಿತ್ತು. ಈ ತೋಟದ ಮೇಲೂ ಕಣ್ಣಿಟ್ಟಿದ್ದ ಗೋಡೌನಿನವನು ದಿನಾ ಬೈರಪ್ಪನಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸುತ್ತಿದ್ದ.

ಸೊಣ್ಣಮ್ಮ ಅವತ್ತು ಹೊಸ್ತಿಲಲ್ಲಿ ನಿಂತು ಕೂಗಲಿಲ್ಲ. ತೋಟ ದಾಟಿ ಬದುವಿಗೇ ಬಂದಳು. ಬಶೀರುನ್ನೀಸಾ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದಳು.

"ಹತ್ರ ಬರ್ಬೇಡ ಕಣೇ ಸೊಣ್ಣೀ! ಬೆಳಗ್ಗೆಯಿಂದ ನೆತ್ತಿಲಿ ಅಳೆದಿದ್ದೀನಿ!"

"ಇನ್ನೇನಕ್ಕಾ, ಹುಳಾನೇ ಇರಲ್ಲ ಅಂದ್ಮೇಲೆ," ಅಂದಳು ಸೊಣ್ಣಮ್ಮ. "ಮದುವೆಯಾಗಿ ಬಂದಾಗ ಇವರಿಗೆ ಹುಳು ಹಿಡಿಯೋಕೂ ಬರ್ತಿರ್ಲಿಲ್ಲ, ನಾನೇ ಕಲಿಸಿದ್ದು. ಈಗ ತಗಡು ಹೊಡಿತಾರಂತೆ. ನಾನೇನು ಮಾಡ್ಲಿ? ಲಾರಿ ಬರೋದನ್ನ ನೋಡ್ತಾ ಕೂರ್ಲಾ?"

ಬಶೀರುನ್ನೀಸಾ ಸೊಣ್ಣಮ್ಮನ ಕೈಲಿದ್ದ ಎಲೆ ಈಸಿಕೊಂಡು ತಿರುಗಿಸಿ ನೋಡಿದಳು, ಉಗುರಿನಲ್ಲಿ ಪುಡಿ ಕೆರೆದಳು.

"ಇದಾ? ಇದು ನಮ್ಮನೇ ಗುಲಾಬಿಗೆ ಬಂದಿತ್ತಲ್ಲೇ!"

ಇದು ಮಾತ್ರ ನಿಜ, ನಾನೇ ಸಾಕ್ಷಿ. ಆಕೆಗೆ ಮೀನು ಬರೋದು ತಮಿಳುನಾಡಿನ ಮಂಡಪಂ ಕಡೆಯಿಂದ. ಅಲ್ಲಿನ ವ್ಯಾಪಾರಿ ಒಂದು ಸಲ ಮೀನಿನ ಜೊತೆ ಒಂದು ಮೂಟೆ ಸಮುದ್ರದ ಪಾಚಿಯನ್ನೂ ಕಳಿಸಿದ್ದ. ಕಂದು ಬಣ್ಣದ, ಒಣಗಿ ಮುರುಟಿದ, ಹಳೇ ಟೇಪಿನ ಹಾಗಿನ ಪದಾರ್ಥ. ತನ್ನ ಹೆಂಡತಿ ಮಲ್ಲಿಗೆ ಬಳ್ಳಿಗೆ ಇದನ್ನೇ ಬೇಯಿಸಿ ಚಿಮುಕಿಸುತ್ತಾಳೆ, ರೋಗ ಕಮ್ಮಿ ಅಂತ ಫೋನಿನಲ್ಲಿ ಹೇಳಿದ. ಬಶೀರುನ್ನೀಸಾ ಮನೆ ಮುಂದೆ ಪೇಂಟ್ ಡಬ್ಬಿಯಲ್ಲಿದ್ದ ಗುಲಾಬಿ ಗಿಡಕ್ಕೆ ಬೂದಿ ಹಿಡಿದಿತ್ತು. ಪಾಚಿ ಬೇಯಿಸಿದಳು, ಸೋಸಿದಳು, ನೀರು ಬೆರೆಸಿ ಚಿಮುಕಿಸಿದಳು. ಹಳೇ ಎಲೆ ಹಾಗೇ ಇತ್ತು, ಹೊಸದಾಗಿ ಬಂದ ಚಿಗುರು ಮಾತ್ರ ಫಳಫಳ. ಆಮೇಲೆ ಆ ಗಿಡ ಎಷ್ಟು ಬೆಳೆಯಿತೆಂದರೆ ಕರೆಂಟ್ ಮೀಟರ್ ಓದಲು ಬಂದವನು ದಾರಿ ತಪ್ಪಿ ಮೂರು ದಿನ ಅದರೊಳಗೇ ಇದ್ದ. ಆ ಮೂರೂ ದಿನ ಅವನಿಗೆ ಊಟ ನಮ್ಮ ಮನೆಯಿಂದಲೇ.

"ಅದನ್ನ ಇದಕ್ಕೆ ಹೊಡಿ ಸೊಣ್ಣೀ."

"ಮೀನು ವಾಸನೆ ನೀರನ್ನಾ? ಹುಳು ತಿನ್ನೋ ಸೊಪ್ಪಿಗಾ?" ಸೊಣ್ಣಮ್ಮನ ಕಣ್ಣು ಅಗಲವಾಯಿತು. ಹಿಂದಿನಿಂದ ಬೈರಪ್ಪನ ಗಂಟಲು ಬಂತು: "ಹೊಡಿ, ಹೊಡಿ! ಹುಳುಗಳು ಮೂಗು ಮುಚ್ಕೊಂಡು ತಾವೇ ಎದ್ದು ಗೋಡೌನಿಗೆ ನಡ್ಕೊಂಡು ಹೋಗ್ತವೆ!"

ಎರಡು ದಿನ ಬಿಟ್ಟು ರೇಷ್ಮೆ ಇಲಾಖೆಯ ಪ್ರಮೋದಾ ಮೇಡಮ್ ಸ್ಕೂಟರಿನಲ್ಲಿ ಆ ಕಡೆ ಬಂದರು. ಸೊಣ್ಣಮ್ಮನ ಹುಳುಗಳನ್ನು ಮೊಟ್ಟೆಯಿಂದ ಬಲ್ಲವರು. ಪಾಚಿ ಮಾತು ಕೇಳಿ ನಗುತ್ತಾರೆ ಅಂತ ಬೈರಪ್ಪ ಕಾದ. ಅವರು ನಗಲಿಲ್ಲ.

"ಹುಚ್ಚು ಮಾತಲ್ಲ ಬೈರಪ್ಪ. ಪಾಚಿ ಸಮುದ್ರದಲ್ಲಿ ಒಂದೇ ಕಡೆ ಅಂಟಿಕೊಂಡಿರುತ್ತೆ, ಕಾಯಿಲೆ ಬಂತು ಅಂತ ಓಡೋಕಾಗಲ್ಲ. ಅದಕ್ಕೇ ಬೂಷ್ಟು, ಬ್ಯಾಕ್ಟೀರಿಯಾ ತಡೆಯೋ ಸತ್ವ ತನ್ನೊಳಗೇ ಇಟ್ಕೊಂಡಿರುತ್ತೆ. ಆ ರಸ ಎಲೆ ಮೇಲೆ ಬಿದ್ರೆ ಬೂಷ್ಟು ಬೆಳೆಯೋದನ್ನ ಸ್ವಲ್ಪ ತಡೆಯುತ್ತೆ. ಇನ್ನೊಂದು ಏನಂದ್ರೆ, ಯಾರೋ ಮನೆಗೆ ನುಗ್ತಿದ್ದಾರೆ ಅಂತ ಗಿಡಕ್ಕೆ ಎಚ್ಚರ ಆಗುತ್ತೆ. ಆಗ ಗಿಡ ತನ್ನ ಬಾಗಿಲನ್ನ ತಾನೇ ಭದ್ರ ಮಾಡ್ಕೊಳ್ಳುತ್ತೆ."

"ಹಂಗಾದ್ರೆ ವಾಸಿ ಆಗುತ್ತಾ ಮೇಡಮ್?" ಸೊಣ್ಣಮ್ಮ ಕೇಳಿದಳು.

"ಬಂದಿರೋ ರೋಗ ವಾಸಿ ಆಗಲ್ಲಮ್ಮ. ಬೂದಿ ಹತ್ತಿರೋ ಎಲೆ ಕಿತ್ತು ತೋಟದಿಂದ ಆಚೆ ಹಾಕ್ಲೇಬೇಕು. ಹೊಸ ಚಿಗುರಿಗೆ ಹತ್ತೋದು ತಗ್ಗಬಹುದು. ಎಲ್ಲ ಪಾಚಿಯೂ ಒಂದೇ ಥರ ಇರಲ್ಲ, ಅದಕ್ಕೇ ಬಹುದು ಅಂತೀನಿ. ಉಪ್ಪು ಹೋಗೋ ತನಕ ಸಿಹಿನೀರಲ್ಲಿ ತೊಳೀರಿ, ಚೆನ್ನಾಗಿ ತೆಳ್ಳಗೆ ಮಾಡಿ. ಮೊದಲು ಒಂದೇ ಸಾಲಿಗೆ ಹೊಡೀರಿ. ವಾಸನೆ ಹೋದ್ಮೇಲೆ ಆ ಸೊಪ್ಪನ್ನ ಒಂದು ತಟ್ಟೆ ಹುಳಕ್ಕೆ ಕೊಟ್ಟು ನೋಡಿ. ಜೊತೆಗೆ ಇನ್ನೊಂದು ತಟ್ಟೆ ಇಟ್ಟು ಅದಕ್ಕೆ ಮಾಮೂಲಿ ಸೊಪ್ಪು ಕೊಡಿ. ಎರಡನ್ನೂ ಹೋಲಿಸಬೇಕಲ್ಲ? ಆದ್ರೆ ಇದೇ ಮನೇಲಿ ಬೇಡ. ಹೆಚ್ಚುಕಮ್ಮಿ ಆದ್ರೆ ಇರೋ ಬೆಳೆಗೂ ಕಷ್ಟ."

ಬೇರೆ ಮನೆ ಎಲ್ಲಿಂದ ತರುವುದು? ಹಳ್ಳಿಯಲ್ಲಿ ಹುಳು ಸಾಕುವ ಯಾರನ್ನು ಕೇಳಿದರೂ ಕೈ ಮುಗಿದರು. ಮೀನು ನೀರು ಕುಡಿದ ಸೊಪ್ಪನ್ನು ತಮ್ಮ ಹುಳು ಮನೆಗೆ ಬಿಡುವವರು ಯಾರು?

"ನಮ್ಮನೇಲಿ ಇಡ್ತೀನಿ," ಅಂತ ಬದುವಿನ ಕಡೆಯಿಂದ ಕೂಗು ಬಂತು.

ಬೈರಪ್ಪ ನಕ್ಕ ನಗುವಿಗೆ ಪಕ್ಕದ ಗೋಡೌನಿನ ತಗಡು ಅಲುಗಾಡಿತು. "ಬಶೀರಕ್ಕಾ! ನಿನ್ ಮನೇಲಾ? ಅಲ್ಲಿ ಗೋಡೆಗೇ ಮೀನಿನ ಮುಳ್ಳಿದೆಯಲ್ಲಾ!"

"ತೆಗೀತೀನಿ. ಮುಳ್ಳೂ ತೆಗೀತೀನಿ, ಗೋಡೇನೂ ತೊಳೀತೀನಿ. ನಾನು ಹೇಳಿದ ಔಷಧ, ಹುಳು ನನ್ ಮನೇಲೇ ಇರ್ಲಿ. ಸತ್ರೆ ನನ್ ತಲೆಮೇಲೆ. ಸಾಯ್ದೆ ಇದ್ರೆ ನೀನು ತೋಟ ಕೀಳ್ಬಾರ್ದು. ಒಪ್ಪಿಗೇನಾ?"

ಬೈರಪ್ಪ ಒಪ್ಪಿದ. ಆ ಮನೆಯಲ್ಲಿ ಹುಳು ಅರ್ಧ ದಿನವೂ ಬದುಕುವುದಿಲ್ಲ ಅಂತ ಅವನಿಗೆ ಖಾತ್ರಿಯಿತ್ತು.

ನಮ್ಮ ಬೀದಿಯಲ್ಲಿ ಆಮೇಲೆ ನಡೆದದ್ದು ಒಂದು ಯುದ್ಧ. ಮೀನಿನ ಗೋಣಿಗಳೆಲ್ಲ ಮಾರ್ಕೆಟ್ಟಿನ ಹಿಂದಿನ ಮಳಿಗೆಗೆ ಗಡೀಪಾರಾದವು. ಬಶೀರುನ್ನೀಸಾ ಮನೆಯನ್ನು ಸೀಗೆಪುಡಿ ಹಾಕಿ ತೊಳೆದಳು, ನಿಂಬೆಹಣ್ಣು ಹಾಕಿ ತೊಳೆದಳು, ಕೊನೆಗೆ ಗೋಡೆಗೆ ಸುಣ್ಣ ಬಳಿದಳು. ಚರಂಡಿಯಲ್ಲಿ ಹೋದ ನೊರೆಗೆ ಎರಡು ಆಟೋ ಮುಳುಗಿದವು. ತಾನು ಎಷ್ಟು ಸಲ ಸ್ನಾನ ಮಾಡಿದಳೆಂದರೆ ಮೊದಲಿಗಿಂತ ಎರಡು ಬಣ್ಣ ಬೆಳ್ಳಗಾಗಿ, ಅವರ ಅಕ್ಕ ಬಂದವಳು "ಬಶೀರಾ ಎಲ್ಲಿ?" ಅಂತ ಅವಳನ್ನೇ ಕೇಳಿದಳು.

ಸೊಣ್ಣಮ್ಮನ ಹುಳುಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ಹುಳು ಪೊರೆ ಬಿಡಲು ಊಟ ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಕಳೆದರೆ ಆಮೇಲೆ ಅದಕ್ಕೆ ಊಟ ಒಂದೇ ಕೆಲಸ. ವಾರ ತಿಂದು ಹಣ್ಣಾಗಿ ಗೂಡು ಕಟ್ಟುತ್ತದೆ. ಪಾಚಿ ನೀರು ಹೊಡೆದ ಸಾಲಿನ ಸೊಪ್ಪೂ ಅಷ್ಟು ಹೊತ್ತಿಗೆ ತಯಾರಾಗಿತ್ತು. ಸೊಣ್ಣಮ್ಮ ಎರಡು ಬಿದಿರು ತಟ್ಟೆಗಳಲ್ಲಿ ಹುಳು ಹಾಕಿಕೊಂಡು, ಮದುವೆ ಹೆಣ್ಣನ್ನು ಕರೆತರುವ ಹಾಗೆ ಆಟೋದಲ್ಲಿ ಬಂದಳು. ಪಾಚಿ ಸೊಪ್ಪಿನ ತಟ್ಟೆಗೆ ಕೆಂಪು ದಾರ ಕಟ್ಟಿದಳು, ಇನ್ನೊಂದಕ್ಕೆ ಏನೂ ಇಲ್ಲ. ಬೆಂಚಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿಸಿ ಇರುವೆಗೆ ದಾರಿ ಮುಚ್ಚಿದಳು.

"ಅಕ್ಕಾ, ಜೋರಾಗಿ ಮಾತಾಡ್ಬೇಡ ಆಯ್ತಾ? ಬೆಚ್ಚಿಬೀಳ್ತವೆ," ಅಂತ ಹೇಳಿ ಹೋದಳು.

ಇದು ಬಶೀರುನ್ನೀಸಾಗೆ ಮೀನು ಬಿಟ್ಟದ್ದಕ್ಕಿಂತ ದೊಡ್ಡ ತ್ಯಾಗ. ಆಕೆ ಪಿಸುಗುಟ್ಟಲು ಶುರುಮಾಡಿದ ದಿನ ನಮ್ಮ ಬೀದಿಯವರೆಲ್ಲ ಕಿವಿ ಹೋಯಿತೆಂದು ಡಾಕ್ಟರ ಹತ್ತಿರ ಓಡಿದೆವು.

ಊರಿಗೂ ಕಷ್ಟವೇ ಆಯಿತು. ಅವರೆಕಾಳಿನ ಕಾಲ, ಒಣಮೀನಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಗಿರಾಕಿಗಳು ಸಂಜೆ ಹೊತ್ತು ಮೆಲ್ಲಗೆ ಬಾಗಿಲಿಗೆ ಬಂದು, ಅತ್ತಿತ್ತ ನೋಡಿ, "ಪಾಷಾ ಸಾಹೇಬ್ರೇ, ಒಂದು ಹಿಡಿ ಸೀಗಡಿ..." ಅಂತ ಕಳ್ಳಭಟ್ಟಿ ಕೇಳುವವರ ಹಾಗೆ ಕೇಳುತ್ತಿದ್ದರು. ಮುನಾವರ್ ಪಾಷಾ ಮಿಕ್ಸಿಯಿಂದ ತಲೆಯೆತ್ತದೆ "ನಕ್ಕೋ" ಅನ್ನುತ್ತಿದ್ದರು. ಅವರ ಮಿಕ್ಸಿಗಳೂ ಆ ವಾರ ಅಂಗಳದಲ್ಲೇ ಗುಂಯ್‌ಗುಟ್ಟಿದವು.

ಹುಳುಗಳು ಮಾತ್ರ ತಿಂದವು. ಕೆಂಪು ದಾರದ ತಟ್ಟೆಯವೂ ತಿಂದವು, ದಾರವಿಲ್ಲದವೂ ತಿಂದವು. ಮಳೆ ಹನಿ ಬಿದ್ದ ಹಾಗೆ ಸರಸರ ಸದ್ದು. ಬಶೀರುನ್ನೀಸಾ ಬೆಂಚಿನ ಪಕ್ಕ ಚಾಪೆ ಹಾಕಿಕೊಂಡು ಕೂತು ಅದನ್ನೇ ಕೇಳುತ್ತಿದ್ದಳು. "ತಿನ್ನಿ ನನ್ ರಾಜಾ, ತಿನ್ನಿ," ಅಂತ ಪಿಸುಗುಟ್ಟುತ್ತಿದ್ದಳು. "ಇವ್ನು ನೋಡಿ, ಇವ್ನು ದಪ್ಪಗಿದ್ದಾನೆ. ಇವ್ನು ನಮ್ಮ ಬೈರಪ್ಪಣ್ಣ. ಸೊಪ್ಪಿನ ಮೇಲೆಲ್ಲ ಓಡಾಡಿ ಬೇರೆಯವ್ರಿಗೂ ಬಿಡಲ್ಲ."

ಗುರುವಾರ ಬಂತು. ಇನ್ನು ಮೂರ್ನಾಲ್ಕು ದಿನಕ್ಕೆ ಹುಳು ಹಣ್ಣಾಗುವುದಿತ್ತು. ಎಷ್ಟು ತೊಳೆದರೂ ಮೂಲೆಯಲ್ಲಿ ಎಲ್ಲೋ ಒಂದೆಳೆ ಮೀನಿನ ವಾಸನೆ ಉಳಿದಿದೆ ಅಂತ ಬಶೀರುನ್ನೀಸಾಗೆ ಗುಮಾನಿ. ಗುರುವಾರ ಮುಸ್ಸಂಜೆ ಅವರ ಮನೆಯಲ್ಲಿ ಕೆಂಡದ ಮೇಲೆ ಲೋಬಾನ ಹಾಕುವುದು ಅಜ್ಜಿಯ ಕಾಲದಿಂದ ಬಂದ ಪದ್ಧತಿ. ಆ ದಿನ ಆಕೆ, ಹುಳುಗಳಿಗೂ ಒಳ್ಳೆಯದಾಗಲಿ, ಮನೆಯೂ ಘಮ್ಮನ್ನಲಿ ಅಂತ ಒಂದು ಚಿಟಿಕೆ ಹಾಕುವ ಕಡೆ ಒಂದು ಬೊಗಸೆ ಹಾಕಿದಳು. ಕಿಟಕಿ ಮುಚ್ಚಿ, ಧೂಪದ ಬಟ್ಟಲನ್ನು ಬೆಂಚಿನ ಸುತ್ತ ಮೂರು ಸಲ ಸುತ್ತಿಸಿ, ಹುಳುಗಳಿಗೆ ದುವಾ ಬೇರೆ ಕೇಳಿದಳು. ಹೊಗೆ ಎಷ್ಟಿತ್ತೆಂದರೆ ಮರುದಿನ ಬೆಳಿಗ್ಗೆ ಬೆಂಗಳೂರಿನ ವಿಮಾನಗಳು ಇಳಿಯಲು ಜಾಗ ಕಾಣದೆ ಚಿಂತಾಮಣಿ ಮೇಲೆ ಸುತ್ತು ಹೊಡೆದವು.

ಬೆಳಿಗ್ಗೆ ಮನೆಯಲ್ಲಿ ಸದ್ದಿಲ್ಲ. ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ ಕೂತಿದ್ದವು. ಕೆಲವು ಬಾಯಿಂದ ಹಸಿರು ರಸ ಕಾರಿ ಮಗ್ಗುಲಾಗಿದ್ದವು.

ನಮ್ಮ ಬೀದಿಗೆ ಆಕೆಯ ಹಳೇ ಗಂಟಲು ವಾಪಸ್ಸು ಬಂದದ್ದು ಆಗಲೇ. "ಯಾ ಅಲ್ಲಾ! ಸೊಣ್ಣೀ! ಸೊಣ್ಣೀ!" ಫೋನು ಕೈಯಲ್ಲಿತ್ತು. ಅದಿಲ್ಲದಿದ್ದರೂ ಅನುಗೊಂಡನಹಳ್ಳಿಗೆ ಕೇಳಿಸುತ್ತಿತ್ತು.

ಸೊಣ್ಣಮ್ಮನೂ ಬೈರಪ್ಪನೂ ಮೊಪೆಡ್ಡಿನಲ್ಲಿ ಬಂದರು. ನಾನೂ ಪಿಳ್ಳಮ್ಮನೂ ಬಾಗಿಲಲ್ಲಿ ನಿಂತಿದ್ದೆವು. ಬೈರಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದು, ನೇರ ಕೆಂಪು ದಾರದ ತಟ್ಟೆಯ ಹತ್ತಿರ ಹೋಗಿ ಒಂದು ಹುಳು ಎತ್ತಿ ಅಂಗೈಮೇಲೆ ಇಟ್ಟುಕೊಂಡ.

"ನಾನ್ ಹೇಳಿದ್ನೋ ಇಲ್ವೋ? ಸಮುದ್ರದ ಕಸ ತಂದು ಬಾಯಿಲ್ಲದ ಜೀವಕ್ಕೆ ಹಾಕಿದ್ರೆ ಇನ್ನೇನಾಗುತ್ತೆ? ಮುಗೀತು ಬಿಡು. ಸೊಣ್ಣಾ, ಇವತ್ತೇ ಆ ಗೋಡೌನಿನವನಿಗೆ..."

ಸೊಣ್ಣಮ್ಮ ಗೋಡೆಗೆ ಒರಗಿ ಕೂತುಬಿಟ್ಟಳು. ಬಶೀರುನ್ನೀಸಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. "ನನ್ನಿಂದ ಆಯ್ತು ಸೊಣ್ಣೀ. ನನ್ನ ಬಾಯಿ ನೋಡು, ಬರೀ ಸಲಹೆ ಕೊಡೋ ಬಾಯಿ. ಮೀನು ಮಾರ್ಕೊಂಡು ಸುಮ್ನೆ ಇರ್ಬಾರ್ದಿತ್ತಾ ನಾನು?"

ಬೈರಪ್ಪ ಮಾತು ಅರ್ಧಕ್ಕೇ ನಿಲ್ಲಿಸಿದ್ದ. ಅವನ ಕಣ್ಣು ಇನ್ನೊಂದು ತಟ್ಟೆಗೆ ಹೋಗಿತ್ತು.

"ಇದಕ್ಕೇನಾಯ್ತು?" ಅಂದ. "ಇದಕ್ಕೆ ಕೆಳಗಿನ ತೋಟದ ಸೊಪ್ಪಲ್ವಾ ಹಾಕಿದ್ದು? ಪಾಚಿ ಇಲ್ದೇ ಇರೋದು? ಇವೂ ತಲೆ ಎತ್ಕೊಂಡು ಕೂತವಲ್ಲೇ!"

ಅವನು ಗಾಳಿ ಮೂಸಿದ. ತಟ್ಟೆ ಮೂಸಿದ. ಗೋಡೆ ಮೂಸಿದ. ಕೊನೆಗೆ ಬಶೀರುನ್ನೀಸಾ ಕಡೆ ತಿರುಗಿದ.

"ಏನಕ್ಕಾ ಇದು ವಾಸನೆ?"

"ಲೋಬಾನ. ನಿನ್ನೆ ಗುರುವಾರ ಅಲ್ವಾ... ಮೀನು ವಾಸನೆ ಪೂರ್ತಿ ಹೋಗ್ಲಿ ಅಂತ ಸ್ವಲ್ಪ ಜಾಸ್ತಿ..."

"ಹೊಗೆ ಹಾಕಿದ್ಯಾ? ಹುಳು ಇರೋ ಮನೇಲಿ? ಕಿಟಕಿ ಮುಚ್ಚಿ?" ಕೋಪಕ್ಕೆ ಬೈರಪ್ಪನ ಮುಖವೆಲ್ಲ ಕೆಂಪಾಯಿತು. "ಬೀಡಿ ಸೇದಿ ಬಂದ್ರೆ ನಮ್ಮಪ್ಪನ್ನೇ ಒಳಗೆ ಬಿಡ್ತಿರ್ಲಿಲ್ಲ ನಾನು! ಬುದ್ಧಿ ಇದೆಯೇನಕ್ಕಾ ನಿಂಗೆ? ಕಿಟಕಿ ತೆಗೀರಿ! ಪಾಷಾ ಅಣ್ಣಾ, ಬಾಗಿಲು ತೆಗೀರಿ! ಏಯ್, ನೀವ್ಯಾಕೆ ಬಾಗಿಲಿಗೆ ಅಡ್ಡ ನಿಂತಿದ್ದೀರಿ, ಗಾಳಿ ಬಿಡಿ!" ಕೊನೆಯದು ನನಗೆ. ನಾನು ಸರಿದೆ. "ಮೊರ ಕೊಡಿ ಒಂದು!"

ಪಿಳ್ಳಮ್ಮ ಓಡಿಹೋಗಿ ನಮ್ಮ ಮೊರ ತಂದಳು. ಬೈರಪ್ಪ ಪಂಚೆ ಎತ್ತಿ ಕಟ್ಟಿ, ನೆಲದ ಮೇಲೆ ಕೂತು, ಮೆತ್ತಗೆ, ಹುಳದ ಮೈಗೆ ಜೋರಾಗಿ ತಗಲದ ಹಾಗೆ, ಮೊರದಲ್ಲಿ ಗಾಳಿ ಹಾಕತೊಡಗಿದ. ಸೊಣ್ಣಮ್ಮ ಎದ್ದು ಹಳೇ ಸೊಪ್ಪನ್ನೆಲ್ಲ ತೆಗೆದು, ಸತ್ತವನ್ನು ಬೇರೆ ಮಾಡಿ, ತಂದಿದ್ದ ಹೊಸ ಸೊಪ್ಪು ಹರಡಿದಳು. ಕೆಂಪು ದಾರದ ತಟ್ಟೆಗೆ ಪಾಚಿ ಸಾಲಿನದನ್ನೇ ಹಾಕಿದಳು. ಗಂಡ ನೋಡಿದ, ಬೇಡ ಅನ್ನಲಿಲ್ಲ.

ಬಿಸಿಲೇರಿತು. ಅವನು ಬೀಸುತ್ತಲೇ ಇದ್ದ. "ಕೈ ನೋಯುತ್ತೆ ಕೊಡಿ," ಅಂತ ಸೊಣ್ಣಮ್ಮ ಕೇಳಿದರೆ "ನಿಂಗೆ ಗೊತ್ತಾಗಲ್ಲ ಸುಮ್ನಿರೇ" ಅಂದ, ಅವನಿಗೆ ಹುಳು ಹಿಡಿಯೋದನ್ನು ಕಲಿಸಿದವಳಿಗೇ. ಬಶೀರುನ್ನೀಸಾ ತಂದಿಟ್ಟ ಟೀ ಆರಿಹೋಯಿತು. ಆಗಿಂದಾಗ ಅವನು ಒಂದು ಹುಳುವಿನ ಹತ್ತಿರ ಮುಖ ತಂದು, "ಏಯ್, ತಿನ್ನೋ. ತಿನ್ನಪ್ಪಾ ದೊರೆ. ನಿಂಗೇನು ಕಮ್ಮಿ ಮಾಡಿದ್ದೀವೋ?" ಅನ್ನುತ್ತಿದ್ದ. ನನಗೆ ಆ ದಿನ ಅನ್ನಿಸಿದ್ದು ಇಷ್ಟೇ: ಈ ಮನುಷ್ಯ ಗೋಡೌನಿಗೆ ಜಾಗ ಕೊಟ್ಟರೆ, ಮಾರನೇ ದಿನವೇ ಹೋಗಿ ಅಲ್ಲಿನ ಲಾರಿಗಳಿಗೆ ಮೊರದಲ್ಲಿ ಗಾಳಿ ಹಾಕಿಕೊಂಡು ಕೂರುತ್ತಾನೆ.

ನಡುಹಗಲಿನ ಹೊತ್ತಿಗೆ ಮೊದಲ ಹುಳು ತಲೆ ಬಗ್ಗಿಸಿತು. ಆಮೇಲೆ ಇನ್ನೊಂದು. ಆಮೇಲೆ ಆ ಸರಸರ ಸದ್ದು ಸಣ್ಣಗೆ ಶುರುವಾಯಿತು. ಎರಡೂ ತಟ್ಟೆಯಿಂದ.

"ಮೀನು ಸೊಪ್ಪಿನವು ಸ್ವಲ್ಪ ಮುಂಚೆ ಎದ್ವು," ಅಂದಳು ಬಶೀರುನ್ನೀಸಾ ಮೆಲ್ಲಗೆ.

"ಇಲ್ಲ. ಎರಡೂ ಒಟ್ಟಿಗೆ ಎದ್ವು," ಅಂದ ಬೈರಪ್ಪ. "ಸುಳ್ಳು ಹೇಳ್ಬೇಡ. ಒಟ್ಟಿಗೆ ಎದ್ರೆ ಸಾಕಲ್ವಾ ನಿಂಗೆ?"

ಸಾಕಾಗಿತ್ತು. ಹೊಗೆಗೆ ಸತ್ತವು ಸತ್ತವು, ಉಳಿದವು ಹಣ್ಣಾಗಿ, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆ ಹತ್ತಿದವು. ಒಂದಿಷ್ಟು ಹುಳುಗಳು ಸೊಣ್ಣಮ್ಮ ಕೊಟ್ಟ ಚಂದ್ರಿಕೆ ಬಿಟ್ಟು ಗೋಡೆ ಹಿಡಿದು ಹೊರಟು, ಅಂಗಳದಲ್ಲಿ ರಿಪೇರಿಗೆ ಬಂದಿದ್ದ ಯಾರದೋ ಚಟ್ನಿ ಜಾರಿನೊಳಗೆ ಗೂಡು ಕಟ್ಟಿದವು. ಜಾರಿನವರು ಬಂದಾಗ ಮುನಾವರ್ ಪಾಷಾ "ನಾಳೆ" ಅಂದರು. ಅದನ್ನೇ ನಾಲ್ಕು ದಿನ ಅಂದರು. ಗೂಡು ಬಿಡಿಸುವ ದಿನ ಪ್ರಮೋದಾ ಮೇಡಮ್ ಬಂದು ಎರಡೂ ತಟ್ಟೆಯ ಗೂಡನ್ನು ಕೈಯಲ್ಲಿ ಒತ್ತಿ ನೋಡಿ, ಯಾವುದು ಯಾವುದೆಂದು ಹೇಳಲಾಗುವುದಿಲ್ಲ ಅಂದರು. ಸೊಪ್ಪಿನಿಂದ ಹುಳಕ್ಕೆ ತೊಂದರೆ ಆಗಲಿಲ್ಲ, ಆದರೆ ಇಷ್ಟಕ್ಕೇ ಊರಿಗೆಲ್ಲ ಡಂಗುರ ಹೊಡೀಬೇಡಿ, ಪ್ರತಿ ಸಲವೂ ಮೊದಲು ಸ್ವಲ್ಪಕ್ಕೆ ಕೊಟ್ಟು ನೋಡಿ ಅಂದರು. ಬಶೀರುನ್ನೀಸಾ ಹೂಂ ಅಂದಳು. ಡಂಗುರದ ಕೆಲಸ ನಾನು ವಹಿಸಿಕೊಂಡಿದ್ದೇನೆ.

ಮಂಡಪಂನಿಂದ ಪಾಚಿ ಮೂಟೆಗಳು ಬಂದವು. ಸೊಣ್ಣಮ್ಮ ಅವನ್ನು ನೀರಿನ ತೊಟ್ಟಿಯಲ್ಲಿ ತೊಳೆದಳು. ಬಚ್ಚಲು ಹಂಡೆಯಲ್ಲಿ ಬೇಯಿಸಿ ಹಳೇ ಸೀರೆಯಲ್ಲಿ ಸೋಸಿದ್ದು ಬಶೀರುನ್ನೀಸಾ. ಹುಳು ಮನೆ ಆಗ ಖಾಲಿ ಇತ್ತು, ಅದಕ್ಕೇ ಆಕೆಗೆ ಬದು ದಾಟಲು ಅನುಮತಿ. ಬೂದಿ ಹತ್ತಿದ ಎಲೆಗಳನ್ನು ಆಳುಗಳು ಆರಿಸಿ ಕಿತ್ತು ದೂರ ಸುಟ್ಟರು. ಬೈರಪ್ಪ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಎಲೆಯ ತಳಕ್ಕೆ ಬೀಳುವ ಹಾಗೆ ಕೆಳಗಿನಿಂದ ಮೇಲಕ್ಕೆ ಹೊಡೆದ. ಅವನು ಸಾಲಿನಿಂದ ಸಾಲಿಗೆ ನಡೆದರೆ ಹಿಂದೆ ಬೆಕ್ಕುಗಳು. ಮೊದಲು ಅನುಗೊಂಡನಹಳ್ಳಿ ಬೆಕ್ಕುಗಳು, ಆಮೇಲೆ ಸುದ್ದಿ ಹಬ್ಬಿ ಮಾಲೂರಿನವು, ಕೊನೆಗೆ ಹೊಸೂರು ಗಡಿ ದಾಟಿ ತಮಿಳು ಬೆಕ್ಕುಗಳೂ ಬಂದು ಸಾಲುಗಟ್ಟಿದವು. ಗೋಡೌನಿನ ಸೆಕ್ಯೂರಿಟಿಯವನು ಮೆರವಣಿಗೆ ಅಂದುಕೊಂಡು ಎದ್ದು ಸೆಲ್ಯೂಟ್ ಹೊಡೆದ.

ಬೂದಿ ಪೂರ್ತಿ ಹೋಗಲಿಲ್ಲ, ಇದನ್ನು ಮಾತ್ರ ಉತ್ಪ್ರೇಕ್ಷೆ ಇಲ್ಲದೆ ಹೇಳುತ್ತೇನೆ. ನೆರಳು ಬೀಳುವ ಮೂಲೆಯಲ್ಲಿ, ಗೋಡೌನಿನ ಗೋಡೆ ಪಕ್ಕದಲ್ಲಿ, ಒಂದಿಷ್ಟು ಗಿಡಗಳಿಗೆ ಹಾಗೇ ಹತ್ತಿತು. ಉಳಿದ ಕಡೆ ಹೊಸ ಚಿಗುರು ಬಂತು. ಸೊಣ್ಣಮ್ಮ ಎಲೆ ತಿರುಗಿಸಿ ತಿರುಗಿಸಿ ನೋಡಿದಳು. ಹಸಿರೇ ಇತ್ತು. ಮುಂದಿನ ಬೆಳೆಗೆ ಮರಿಹುಳು ಬೇಕೆಂದು ಅವಳೇ ಪ್ರಮೋದಾ ಮೇಡಮ್ಮಿಗೆ ಫೋನ್ ಮಾಡಿ ಹೇಳಿದಳು. ಬೈರಪ್ಪ ಪಕ್ಕದಲ್ಲೇ ಇದ್ದ. ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಗೋಡೌನಿನವನಿಗೆ ಏನು ಹೇಳುತ್ತಾನೋ ಅಂತ ಇಬ್ಬರು ಹೆಂಗಸರೂ ಅವನ ಮುಖ ನೋಡುತ್ತಲೇ ಇದ್ದರು.

ಕೊನೆಯ ಸಲ ಪಾಚಿ ನೀರು ಹೊಡೆದ ದಿನ, ಸ್ಪ್ರೇಯರಿನ ಮೂತಿ ಮುರಿದು, ಅದನ್ನು ಕೊಳ್ಳಲು ಬೈರಪ್ಪ ಹೊಸಕೋಟೆ ಬಸ್ಸು ಹತ್ತಿದ. ಬಶೀರುನ್ನೀಸಾ ಮನೆಗೆ ಹೊರಟಿದ್ದವಳು ಹೆಂಗಸರ ಸೀಟಿನಲ್ಲಿದ್ದಳು. ನಾನು ಸೀಗಡಿ ಯಾವಾಗ ಸಿಗುತ್ತದೆಂದು ಕೇಳುವ ನೆಪದಲ್ಲಿ ಅಲ್ಲಿಯ ತನಕ ಹೋಗಿದ್ದವನು ಹಿಂದೆ ಕೂತಿದ್ದೆ. ಬಸ್ಸು ಹೊರಟು ಸ್ವಲ್ಪ ದೂರ ಹೋಗುವುದರೊಳಗೆ ಜನ ಒಬ್ಬೊಬ್ಬರಾಗಿ ಕಿಟಕಿ ತೆಗೆದರು. ಕಂಡಕ್ಟರ್ ಮೂಗು ಹಿಂಡಿದ.

"ಯಾರ್ರೀ ಅದು ಮೀನು ಬುಟ್ಟಿ ತಂದಿರೋರು? ಲಗೇಜ್ ಟಿಕೆಟ್ ತಗೋಬೇಕು!"

ಇಡೀ ಬಸ್ಸು ಬಶೀರುನ್ನೀಸಾ ಕಡೆ ತಿರುಗಿತು. ಆಕೆ ಎರಡೂ ಖಾಲಿ ಕೈ ಎತ್ತಿ ತೋರಿಸಿ, ಕುತ್ತಿಗೆಯಿಂದ ಬೈರಪ್ಪನ ಕಡೆ ಸನ್ನೆ ಮಾಡಿದಳು.

"ನಂದು ಏನಿಲ್ಲಪ್ಪಾ. ಅಲ್ಲಿ ನಿಂತಿದ್ದಾರಲ್ಲ, ದೊಡ್ಡ ಮನುಷ್ಯರು. ಕೇಳು."

ಬೈರಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಗೋಡೌನಿನವನು. ಬಸ್ಸಿನ ಸದ್ದಿಗೆ ಬೈರಪ್ಪ ಕೂಗಿಯೇ ಮಾತಾಡಬೇಕಾಯಿತು.

"ಹಾಂ, ಚೆನ್ನಾಗಿದ್ದೀನಪ್ಪಾ, ದಿನಾ ಕೇಳ್ತೀಯಲ್ಲ... ಇಲ್ಲ, ಆಗಲ್ಲ. ಬೇರೆ ಕಡೆ ನೋಡ್ಕೊ... ಯಾಕೆ ಅಂದ್ರೆ? ಹುಳು ಬರ್ತಾ ಇದೆ ಕಣಪ್ಪಾ, ಇನ್ನೆರಡು ದಿನಕ್ಕೆ... ಅದು ಮುಗಿದ್ಮೇಲಾ? ಅದು ಮುಗಿದ್ಮೇಲೆ ಇನ್ನೊಂದು ಹುಳು ಬರುತ್ತೆ... ಹಲೋ? ಕೇಳಿಸ್ತಾ ಇಲ್ಲ ಬಿಡು."

ಫೋನು ಜೇಬಿಗೆ ಹಾಕಿ, ಯಾರ ಮುಖವನ್ನೂ ನೋಡದೆ, ಕಂಬಿ ಹಿಡಿದು ಆಚೆ ನೋಡುತ್ತ ನಿಂತ.

ಬಶೀರುನ್ನೀಸಾ ಸೆರಗಿನ ಗಂಟು ಬಿಚ್ಚುತ್ತ ಕಂಡಕ್ಟರನ್ನು ಕರೆದಳು.

"ಇಲ್ಲಿ ಬಾಪ್ಪಾ. ನಂಗೆ ಫ್ರೀ. ಅವ್ರಿಗೆ ಟಿಕೆಟ್ ಹರಿ, ಲಗೇಜೂ ಹರಿ. ಎರಡೂ ನಾನು ಕೊಡ್ತೀನಿ. ಅವ್ರು ನಮ್ಮೋರೇ."